ಗುಬ್ಬಿಗೆ ಹಾಕಿದ ನಾನ್‌ಸ್ಟಾಪ್ ಡಾನ್ಸು

ಸುರೇಬಾನದ ನಿಜಾಮಸಾಬ ಯಾರೇ ಕೆಲಸ ಹೇಳಿದರೂ ಮಾಡದೆ ಬಿಡುವವನಲ್ಲ. ಆದರೆ ಹೇಳಿದ ಕೆಲಸವೂ ಆದ ಕೆಲಸವೂ ಒಂದೇ ಆಗಿರಬೇಕೆಂಬ ಹಟ ಅವನಿಗಿರಲಿಲ್ಲ. ಒಮ್ಮೆ ಸೋರುವ ನಲ್ಲಿಗೆ ವಾಶರ್ ತರಲು ಹೆಂಡತಿ ನೂರಬಿ ಕಳಿಸಿದ್ದಳು. ಇವನು ದೊಡ್ಡದೊಂದು ಬಕೆಟ್ ತಂದ. "ನಲ್ಲಿ ಸೋರತೈತಿ, ಬಕೆಟ್ ತುಂಬತೈತಿ. ಇನ್ನೇನ ಬೇಕು?" ಎಂದು ಅವಳನ್ನೇ ಕೇಳಿದ. ನೂರಬಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಂತೆ ಮಾತಾಡುವುದರಲ್ಲಿ ನಿಜಾಮಸಾಬ ಊರಿಗೇ ಹೆಸರಾಗಿದ್ದ.

ಇಂಥವನ ಎರಡೆಕರೆ ಎರೆಹೊಲದಲ್ಲಿ ಆ ವರ್ಷ ಬಿಳಿಜೋಳ ಆಳೆತ್ತರ ನಿಂತಿತ್ತು. ತೆನೆಯಲ್ಲಿ ಹಾಲು ತುಂಬಿತ್ತು. ವರ್ಷವಿಡೀ ಮನೆಯ ರೊಟ್ಟಿ ಅದೇ. ತೆನೆ ಹಾಲುಗಟ್ಟಿದ ಸುದ್ದಿ ಮನುಷ್ಯರಿಗಿಂತ ಮೊದಲು ಗುಬ್ಬಿಗಳಿಗೆ ತಿಳಿಯುತ್ತದೆ. ಅವು ಹಿಂಡು ಹಿಂಡಾಗಿ ಬಂದು ಕೂತರೆ ಹೊಲವೇ ಕುಳಿತಲ್ಲಿ ಅಲುಗಾಡಿದಂತೆ ಕಾಣುತ್ತಿತ್ತು. ನೂರಬಿ ಹೊಲದ ಕಾವಲು ಅಟ್ಟದ ಮೇಲೆ ನಿಂತು ಡಬ್ಬ ಬಡಿದಳು, ಕೂಗಿದಳು, ಕೊನೆಗೆ ಗಂಟಲು ಕಟ್ಟಿಸಿಕೊಂಡು ಸನ್ನೆಯಲ್ಲೇ ಬೈಯತೊಡಗಿದಳು.

"ರಾಮದುರ್ಗಕ್ಕ ಹೋಗ್ರಿ," ಎಂದು ಪಿಸುದನಿಯಲ್ಲಿ ಹೇಳಿದಳು. "ಹಕ್ಕಿ ಓಡಸೋ ಸ್ಪೀಕರ್ ಬಂದಾವಂತ. ಗಿಡುಗನ ದನಿ, ಬಂದೂಕಿನ ದನಿ ಬರತೈತಂತ. ಅದನ್ನs ತರ್ರಿ. ಬಕೆಟ್ ತರಬ್ಯಾಡ್ರಿ."

ನಿಜಾಮಸಾಬ ಹೊರಟ. ಬಸ್ ಕಾಯುತ್ತ ಚಹಾದಂಗಡಿಯಲ್ಲಿ ಕೂತಾಗ ಸುಮ್ಮನಿರಬಹುದಿತ್ತು. ಇರಲಿಲ್ಲ. "ಹೊಲಕ್ಕ ಮಷೀನ ತರಾಕ ಹೊಂಟೇನಿ. ಕಂಪನಿ ಮಾಲು. ಪೂರಾ ಸೈಂಟಿಫಿಕ್," ಎಂದು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.

ರಾಮದುರ್ಗದಲ್ಲಿ ಅಂಗಡಿಯ ಸಿದ್ದರಾಮ ಸ್ಪೀಕರನ್ನೇನೋ ಕೊಟ್ಟ. ಕೆಂಪು ಬಣ್ಣದ್ದು, ಅಡುಗೆಮನೆಯ ಗ್ಯಾಸ್ ಸಿಲಿಂಡರಿನಷ್ಟು ಎತ್ತರದ್ದು. ಆದರೆ ಗಿಡುಗನ ದನಿ ತುಂಬಿದ ಮೆಮೊರಿ ಕಾರ್ಡು ಮುಗಿದುಹೋಗಿತ್ತು.

"ಮುಂದಿನ ವಾರ ಬರತೈತ್ರಿ," ಎಂದ ಸಿದ್ದರಾಮ.

"ಮುಂದಿನ ವಾರ ಗಿಡುಗನs ಬಂದ್ರೂ ಉಪಯೋಗಿಲ್ಲ. ತೆನಿ ಉಳೀಬೇಕಲ್ಲ?"

ಸಿದ್ದರಾಮ ಡ್ರಾಯರಿನಲ್ಲಿ ಕೈಯಾಡಿಸಿ ಇನ್ನೊಂದು ಕಾರ್ಡು ತೆಗೆದ. ಅದರ ಪೊಟ್ಟಣದ ಮೇಲೆ ಕರಿಕನ್ನಡಕದ ಒಬ್ಬ ಮನುಷ್ಯ, ಒಂದು ಹುಲಿ, ಒಂದು ವಿಮಾನ. ಕೆಳಗೆ 'ಸುಪರ್ ಧೂಳ್ ನಾನ್‌ಸ್ಟಾಪ್ ಡಾನ್ಸ್, ಭಾಗ ನಾಲ್ಕು' ಎಂಬ ಅಕ್ಷರ. "ಇದನ್ನ ಒಯ್ರಿ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬ ಹೊರೋ ಟ್ರ್ಯಾಕ್ಟರಿನಾವ್ರು ಇದನ್ನs ಒಯ್ತಾರ. ಇದನ್ನ ಕೇಳಿ ಮನಷ್ಯಾರs ಓಡ್ಯಾಡತಾರ, ಗುಬ್ಬಿ ಯಾವ ಲೆಕ್ಕ?"

ವಾದದಲ್ಲಿ ಹುರುಳಿತ್ತು. ನಿಜಾಮಸಾಬ ಭಾಗ ನಾಲ್ಕನ್ನು ಜೇಬಿಗಿಳಿಸಿದ. ಭಾಗ ಒಂದು, ಎರಡು, ಮೂರು ಕೇಳದೆ ನೇರವಾಗಿ ನಾಲ್ಕಕ್ಕೆ ಹೋದರೆ ಗುಬ್ಬಿಗೆ ಅರ್ಥವಾದೀತೇ ಎಂಬ ಸಣ್ಣ ಅನುಮಾನ ಬಸ್ಸಿನಲ್ಲಿ ಬಂತು. ಆದರೆ ರಾಮದುರ್ಗ ದಾಟುವಷ್ಟರಲ್ಲಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಸ್ಪೀಕರನ್ನು ಹೊಲದ ನಡುವಿನ ಬೇವಿನ ಗಿಡಕ್ಕೆ ಕಟ್ಟಿ ಗುಂಡಿ ಒತ್ತಿದ. ಮೊದಲ ಹಾಡಿಗೆ ಮಾತಿರಲಿಲ್ಲ. ಯಾರೋ ಖಾಲಿ ಪೀಪಾಯಿಯೊಳಗೆ ಕೂತು ಹೊರಬರಲು ಒದ್ದಾಡುವಂಥ ಸದ್ದು. ಆ ಸದ್ದಿಗೆ ಗುಬ್ಬಿಗಳು ಒಮ್ಮೆಲೇ ಎದ್ದವು. ಆಕಾಶದಲ್ಲಿ ಎರಡು ಸುತ್ತು ಹಾಕಿ, ಬದು ದಾಟಿ, ಪಕ್ಕದ ಬಸವಣ್ಣೆಪ್ಪನ ಜೋಳದ ಮೇಲೆ ಇಳಿದವು.

ಬಸವಣ್ಣೆಪ್ಪ ಬಂದ. ಅವನು ನಡೆದು ಬಂದನೆನ್ನುವುದಕ್ಕಿಂತ ಅವನ ಸಿಟ್ಟು ಮುಂದೆ ಬಂತು, ಹಿಂದೆ ಅವನು ಬಂದ ಎನ್ನಬೇಕು.

"ಏನೋ ನಿಜಾಮಾ! ನಿನ್ನ ಗುಬ್ಬಿ ನನ್ನ ಹೊಲಕ್ಕ ಹೊಡದಿ?"

"ಗುಬ್ಬಿ ನಂದಲ್ಲೋ ಬಸಣ್ಣಾ. ಅವು ದೇವರದು."

"ನೀ ಹಾಡ ಹಾಕಿ ಓಡಿಸಿದಿ!"

"ಹಾಡಲ್ಲ ಅದು, ಮಷೀನ," ಎಂದ ನಿಜಾಮಸಾಬ. ಚಹಾದಂಗಡಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. "ನಮ್ಮ ಕಿವಿಗೆ ಹಾಡು ಕೇಳತೈತಿ. ಅದರ ಒಳಗ ಗುಬ್ಬಿಗೆ ಅಷ್ಟs ಕೇಳೋ ಸೌಂಡು ಬ್ಯಾರೆ ಐತಿ."

"ಹಂಗಾರ ನಮಗ ಕೇಳೋದನ್ನ ತಗದಬಿಡು. ಅವಕ್ಕ ಕೇಳೋದನ್ನ ಅಷ್ಟs ಹಾಕು!"

ಬಸವಣ್ಣೆಪ್ಪ ಫೋನು ತೆಗೆದು ಅಲ್ಲೇ ಪೊಲೀಸರಿಗೆ ದೂರು ಹೇಳಿದ. ಹೆಸರು ಹೇಳಿದ, ಊರು ಹೇಳಿದ, "ಗುಬ್ಬಿ ಹೊಡದಾನ್ರೀ ಸಾಹೇಬ್ರ, ಹೊಡದಾನಂದ್ರ ಹೊಡದಿಲ್ಲ, ಅಟ್ಟಿದಾನ" ಎಂದು ಅಪರಾಧವನ್ನು ಬಿಡಿಸಿ ಹೇಳಿದ. ಫೋನು ಇಟ್ಟು ಜಗಳದ ಉಳಿದ ಭಾಗಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಸ್ಪೀಕರಿನಲ್ಲಿ ಹಾಡು ಬದಲಾಯಿತು. ಹಳ್ಳಕ್ಕೆ ನೀರಿಗೆ ಹೋದವಳು ಕೊಡ ಮರೆತು ಬಂದ ಕಥೆಯ ಹಾಡು.

ಬಸವಣ್ಣೆಪ್ಪನ ಬಾಯಿ ತೆರೆದೇ ಇತ್ತು.

"ತಡಿ," ಎಂದ. "ಇದು ನನ್ನ ಮದವ್ಯಾಗ ಹಾಕಿದ್ದ ಹಾಡು. ಮುಗೀಲಿ. ಆಮ್ಯಾಲ ಜಗಳ ಮಾಡೂಣು."

ಇಬ್ಬರೂ ಬದುವಿನ ಮೇಲೆ ಕೂತರು. ಬಸವಣ್ಣೆಪ್ಪನ ಚಪ್ಪಲಿ ತಾಳ ಹಾಕತೊಡಗಿತು. ಹುಡುಗಿ ಕೊಡ ಹುಡುಕಿಕೊಂಡು ಹೊರಟಳು, ಹಳ್ಳದ ದಂಡೆಗೆ ಬಂದಳು, ಇನ್ನೇನು ಕೊಡ ಸಿಗಬೇಕು, ಅಷ್ಟರಲ್ಲಿ "ಡೀಜೇ... ಡೀಜೇ..." ಎಂದು ಒಬ್ಬ ಅರಚಿದ. ಹುಡುಗಿಯೂ ಇಲ್ಲ, ಕೊಡವೂ ಇಲ್ಲ. ಮುಂದಿನ ಹಾಡು ಶುರುವಾಗಿತ್ತು.

"ಏ! ಕೊಡ ಸಿಗಲೇ ಇಲ್ಲ!" ಎಂದು ಬಸವಣ್ಣೆಪ್ಪ ಎದ್ದು ನಿಂತ. ಗುಬ್ಬಿಗಳಿಗಾಗಿ ಬಂದಾಗಲೂ ಅವನಿಗೆ ಇಷ್ಟು ಸಿಟ್ಟಿರಲಿಲ್ಲ. "ಪೂರ್ತಿ ಹಾಕೋ!"

"ಹಾಕಾಕ ಬರಾಂಗಿಲ್ಲ. ನಾನ್‌ಸ್ಟಾಪ್ ಐತಿ."

"ನಾನ್‌ಸ್ಟಾಪ್ ಅಂದ್ರ ನಿಲ್ಲಬಾರದಲ್ಲ? ಇದು ಎಲ್ಲಾ ಹಾಡನ್ನೂ ನಿಲ್ಲಸಾಕ ಹತ್ತೈತಿ!"

ಇಂಥ ಡಾನ್ಸ್ ಸಂಗ್ರಹಗಳ ಧರ್ಮವೇ ಹಾಗೆ. ಅದರಲ್ಲಿ ಎಲ್ಲರಿಗೂ ಬೇಕಾದ ಹಾಡು ಒಂದೊಂದಿರುತ್ತದೆ, ಉಳಿದವೆಲ್ಲ ಬೇರೆಯವರವು. ಮದುವೆಯ ಪಂಕ್ತಿಯಲ್ಲಿ ಕೂತ ಹಾಗೆ, ನಮ್ಮ ಎಲೆಗೆ ಹೋಳಿಗೆ ಬರುವವರೆಗೆ ಮಂದಿಯ ಎಲೆ ನೋಡುತ್ತ ಕೂಡಬೇಕು. ಹೋಳಿಗೆ ಬಂತು, ತುಪ್ಪ ಬಿತ್ತು, ಒಂದು ತುತ್ತು ಮುರಿದೆವು ಎನ್ನುವಾಗ ಯಾರೋ ಎಲೆಯನ್ನೇ ಎಳೆದುಬಿಡುತ್ತಾರೆ. ಆದರೂ ಏಳುವ ಮನಸ್ಸಾಗುವುದಿಲ್ಲ. ಎರಡನೆಯ ಸುತ್ತು ಬಂದೀತೆಂಬ ಆಸೆ. ಬಸವಣ್ಣೆಪ್ಪನೂ ಏಳಲಿಲ್ಲ. ತನ್ನ ಹಾಡು ಮತ್ತೆ ಬರುವವರೆಗೆ ಕೂತ. ಎರಡನೆಯ ಸಲವೂ ಹುಡುಗಿಗೆ ಕೊಡ ಸಿಗಲಿಲ್ಲ.

ಅದೇ ಹೊತ್ತಿಗೆ ರಾಯವ್ವ ದಾರಿಯಲ್ಲಿ ಹೊರಟಿದ್ದಳು. ಊರಿನ ಆಳು-ಕಾಳಿನ ಹೆಂಗಸರಿಗೆಲ್ಲ ಮುಂದಾಳು ಅವಳು. ಜೋಳ ಕೀಳುವ ಕಾಲಕ್ಕೆ ಯಾರ ಹೊಲಕ್ಕೆ ಯಾವಾಗ ಹೋಗಬೇಕೆಂದು ತೀರ್ಮಾನಿಸುವವಳು. ಅವಳಿಗೆ ಕಂಡದ್ದು ಇಷ್ಟು: ಹೊಲದಲ್ಲಿ ಹಾಡು ಹಚ್ಚಿದ್ದಾರೆ, ಇಬ್ಬರು ಗಂಡಸರು ಬದುವಿನ ಮೇಲೆ ಆರಾಮಾಗಿ ಕೂತಿದ್ದಾರೆ, ತೆನೆ ಹಾಲುಗಟ್ಟಿದೆ. ನಮ್ಮ ಕಡೆ ಈ ಮೂರೂ ಕೂಡಿದರೆ ಅರ್ಥ ಒಂದೇ. ಎಳೆಯ ತೆನೆ ಸುಟ್ಟು ತಿಕ್ಕಿ, ಬಿಸಿಬಿಸಿ ಕಾಳನ್ನು ಚಟ್ನಿ ಮೊಸರಿನ ಜೊತೆ ತಿನ್ನುವ ಸೀತನಿಯ ಊಟ.

"ನಿಜಾಮಸಾಬ ಸೀತನಿಗೆ ಕರದಾನ," ಎಂದು ಅವಳು ಊರಲ್ಲಿ ಹೇಳಿದಳು. "ಹಾಡ ಹಚ್ಚಿ ಕರದಾನ."

ಮಧ್ಯಾಹ್ನದ ಹೊತ್ತಿಗೆ ಹೆಂಗಸರ ಗುಂಪು ಹೊಲಕ್ಕೆ ಬಂತು. ಕೈಯಲ್ಲಿ ಶೇಂಗಾ ಚಟ್ನಿ, ಗಡಿಗೆಯಲ್ಲಿ ಮೊಸರು. ನಿಜಾಮಸಾಬ ಇದು ಗುಬ್ಬಿ ಓಡಿಸುವ ಹಾಡು ಎಂದು ಹೇಳಬೇಕೆಂದುಕೊಂಡ. ಆದರೆ ಮೊಸರಿನ ಗಡಿಗೆ ಹೊತ್ತು ಬಂದವರಿಗೆ "ನೀವು ಯಾಕ ಬಂದ್ರಿ" ಎಂದು ಕೇಳುವ ನಾಲಿಗೆ ಅವನಿಗಿರಲಿಲ್ಲ.

"ಬರ್ರಿ, ಬರ್ರಿ. ನಿಮ್ಮ ದಾರೀನs ಕಾಯಾಕ ಹತ್ತಿದ್ದೆ," ಎಂದುಬಿಟ್ಟ.

ನೂರಬಿ ಅವನನ್ನು ಜೋಳದ ಮರೆಗೆ ಎಳೆದಳು. ಗಂಟಲು ಆಗಷ್ಟೇ ಸರಿಯಾಗಿತ್ತು, ಅದನ್ನು ಪೂರ್ತಿ ಬಳಸಿಕೊಂಡಳು. "ಗುಬ್ಬಿ ಆದ್ರ ಒಂದೊಂದು ಕಾಳು ತಿಂತಿದ್ವು. ನಿಮ್ಮ ಮಂದಿ ತೆನಿಗಟ್ಟಲೆ ಮುರದು ತಿನ್ನಾಕತ್ತಾರ! ಗುಬ್ಬಿ ಮೊಸರ ಕೇಳತಿದ್ದಿಲ್ಲ, ಉಪ್ಪ ಕೇಳತಿದ್ದಿಲ್ಲ!"

"ಮೊಸರ ಅವರs ತಂದಾರ," ಎಂದ ನಿಜಾಮಸಾಬ.

ಸೆಗಣಿಕುಳ್ಳಿನ ಬೆಂಕಿ ಬಿತ್ತು. ತೆನೆ ಸುಟ್ಟವು. ಹೊಗೆಯೊಳಗೆ ಹಾಲುಗಾಳಿನ ಸಿಹಿವಾಸನೆ ಎದ್ದು ರಸ್ತೆಯವರೆಗೆ ಹೋಯಿತು. ಭಾಗ ನಾಲ್ಕು ತನ್ನ ಪಾಡಿಗೆ ಕುಣಿಯುತ್ತಿತ್ತು. ರಾಯವ್ವನಿಗೆ ಅದರಲ್ಲಿ ಒಂದು ಸೋಬಾನದ ಪದ ಸಿಕ್ಕಿತು. ಹಿಂದೆ ಯಂತ್ರ ಬಡಿಯುತ್ತಿದ್ದರೂ ಪದ ಪದವೇ. "ಉಳದಿದ್ದಕ್ಕೆಲ್ಲಾ ಬೆಂಕಿ ಹಚ್ಚ. ಇದೊಂದು ಬಂಗಾರ," ಎಂದಳು. ಬಂಗಾರವೂ ಆರತಿಯ ಸಾಲಿಗೆ ಬರುವಷ್ಟರಲ್ಲಿ ತುಂಡಾಯಿತು. ಅವಳು ಸ್ಪೀಕರಿನತ್ತ ಒಂದು ತೆನೆ ಎಸೆದಳು. ನೂರಬಿಗೆ ಆ ತೆನೆಯ ಸಂಕಟ.

"ನಿನಗ ಯಾವ ಹಾಡು ಬೇಕವಾ?" ಎಂದು ಬಸವಣ್ಣೆಪ್ಪ ನೂರಬಿಯನ್ನು ಕೇಳಿದ.

"ನನಗ ಯಾವುದೂ ಬ್ಯಾಡಣ್ಣಾ. ಹತ್ತ ಮನಿ ಸಾರು ಒಂದs ಗಡಿಗ್ಯಾಗ ಸುರದಂಗ ಐತಿ ಇದು."

ಹಾಡು ಹಚ್ಚಿದ ದಿನವೆಲ್ಲ ಮಂದಿ ಸೀತನಿಗೆ ಬರತೊಡಗಿದರು, ಸುದ್ದಿಯೂ ಊರಿನಲ್ಲೇ ನಿಲ್ಲಲಿಲ್ಲ. ನೂರಬಿಯ ಅಣ್ಣ ತೌಹೀದ ಬೈಲಹೊಂಗಲದಲ್ಲಿ ಟೆಂಪೊ ಓಡಿಸುತ್ತಾನೆ. ಊರಿಗೆಲ್ಲ ಸೀತನಿ ಹಾಕಿ ತನ್ನನ್ನು ಬಿಟ್ಟರೆಂದು ಯಾರೋ ಅವನ ಕಿವಿಗೆ ಹಾಕಿದರು. ರವಿವಾರ ಬೆಳಿಗ್ಗೆ ಟೆಂಪೊ ತುಂಬ ಮಂದಿಯನ್ನು ಕೂಡಿಸಿಕೊಂಡು, ದಾರಿಯಲ್ಲಿ ಸವದತ್ತಿಯ ಬೀಗರನ್ನೂ ಹತ್ತಿಸಿಕೊಂಡು, ನೇರ ಹೊಲದ ಬದುವಿಗೆ ಬಂದು ನಿಂತ. ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದೇ ಕೂತ.

"ಇಳಿಯೋ ಅಣ್ಣಾ," ಎಂದಳು ನೂರಬಿ.

"ನಾ ಇಳಿಯಾಂಗಿಲ್ಲ. ಕರದಿಲ್ಲ ನನ್ನ. ಬರೇ ನೋಡಾಕ ಬಂದೇನಿ."

"ನೋಡಾಕ ಇಷ್ಟು ಮಂದೀನ ಕರಕೊಂಡ ಬಂದಿ?"

"ಅವರೂ ನೋಡತಾರ."

ಆದರೆ ಅವನ ಕಿವಿಗೆ ಭಾಗ ನಾಲ್ಕಿನೊಳಗಿನ ಒಂದು ಕವ್ವಾಲಿ ಬಿತ್ತು. ಚಪ್ಪಾಳೆಗಳನ್ನೆಲ್ಲ ಯಂತ್ರವೇ ಹೊಡೆಯುತ್ತಿದ್ದ ಕವ್ವಾಲಿ. ತೌಹೀದನ ಬೆರಳು ಸ್ಟೇರಿಂಗಿನ ಮೇಲೆ ಆಡಿತು. ಹಾಡುವವನು ದನಿಯನ್ನು ಮೇಲಕ್ಕೆ ಒಯ್ಯುತ್ತಿದ್ದಂತೆ ತೌಹೀದ ಕೆಳಕ್ಕಿಳಿದ. ಬೆಂಕಿಯ ಹತ್ತಿರ ಬಂದ. ದನಿ ಶಿಖರಕ್ಕೆ ಮುಟ್ಟಬೇಕು, "ಡೀಜೇ... ಡೀಜೇ..." ಎಂದಿತು ಸ್ಪೀಕರು. ಅಷ್ಟರಲ್ಲಿ ನೂರಬಿ ಅವನ ಅಂಗೈಗೆ ಬಿಸಿಗಾಳು ಸುರಿದಿದ್ದಳು. ಕೈಯಲ್ಲಿ ಅನ್ನ ಹಿಡಿದು ಮುನಿಸು ಮುಂದುವರಿಸುವುದು ಹೇಗೆ? ತೌಹೀದ ಕೂತ.

ಈಗ ಹೊಲದಲ್ಲಿ ಜಾತ್ರೆಗೆ ಸಾಲುವಷ್ಟು ಜನ. ಈ ಗದ್ದಲ ತುದಿಗೇರಿದಾಗಲೇ ರಸ್ತೆಯಲ್ಲಿ ಬೈಕು ನಿಂತಿತು. ಬಸವಣ್ಣೆಪ್ಪನ ದೂರು ಸಾವಕಾಶವಾಗಿ ಫಲಿಸಿ, ಕಾನ್‌ಸ್ಟೇಬಲ್ ದುರ್ಗಪ್ಪ ಬಂದಿದ್ದ. ಅವನು ಬದು ಹತ್ತಿ ಜನರೆದುರು ನಿಂತದ್ದಕ್ಕೂ ಸ್ಪೀಕರಿನೊಳಗಿನವನು ಅರಚಿದ್ದಕ್ಕೂ ಸರಿಹೋಯಿತು:

"ಕೈ ಮ್ಯಾಲ! ಎಲ್ಲಾರೂ ಕೈ ಮ್ಯಾಲ!"

ಎಲ್ಲರೂ ಕೈ ಮೇಲೆತ್ತಿದರು. ಸವದತ್ತಿಯ ಬೀಗರು ತೆನೆಸಮೇತ ಎತ್ತಿದರು. ದುರ್ಗಪ್ಪನ ನೌಕರಿಯಲ್ಲಿ ಇಷ್ಟು ಜನ ಇಷ್ಟು ಬೇಗ ಶರಣಾದದ್ದು ಇದೇ ಮೊದಲು.

"ಕೈ ಇಳಸ್ರಿ," ಎಂದ. "ಗುಬ್ಬಿ ಅಟ್ಟಿದಾವ ಯಾರು?"

"ನಾನ್ರಿ," ಎಂದ ನಿಜಾಮಸಾಬ.

"ದೂರು ಕೊಟ್ಟಾವ ಯಾರು?"

ಎಲ್ಲರೂ ಅತ್ತಿತ್ತ ನೋಡಿದರು. ಬಾಯಿ ತುಂಬ ಸೀತನಿ ತುಂಬಿಕೊಂಡಿದ್ದ ಬಸವಣ್ಣೆಪ್ಪನೂ ಎಲ್ಲರ ಜೊತೆ ಅತ್ತಿತ್ತ ನೋಡಿದ.

ದುರ್ಗಪ್ಪ ಬೇವಿನ ಗಿಡದ ಕಡೆ ಕೈ ತೋರಿಸಿದ. "ಮೊದಲ ಅದನ್ನ ಬಂದ ಮಾಡ್ರಿ. ವರ್ಷಾನಗಟ್ಟಲೆ ಇದನ್ನs ಕೇಳೇನಿ. ಯಾವ ಮೆರವಣಿಗಿ ಇದ್ರೂ ನನ್ನ ಸ್ಪೀಕರಿನ ಬಾಜೂಕs ನಿಲ್ಲಸತಾರ. ಮನಿಗೆ ಹೋಗಿ ಮಲಗಿದ್ರ ಹೊಟ್ಟಿ ಒಳಗ ಡೀಜೇ ಡೀಜೇ ಅಂತೈತಿ. ಭಾಗ ಒಂದು ಗೊತ್ತು, ಭಾಗ ಎರಡು ಗೊತ್ತು..."

ಬಂದ್ ಮಾಡುವ ಶ್ರಮವೇ ಬೀಳಲಿಲ್ಲ. ಸ್ಪೀಕರು ಒಮ್ಮೆ ಎಮ್ಮೆಯಂತೆ ನರಳಿತು, ಹಾಡು ಉದ್ದವಾಗಿ ಎಳೆಯಿತು, ಬ್ಯಾಟರಿ ಸತ್ತಿತು.

ಹೊಲ ಒಮ್ಮೆಲೇ ಶಾಂತವಾಯಿತು. ಬೆಂಕಿಯಲ್ಲಿ ಕುಳ್ಳು ಚಟಪಟ ಎನ್ನುವುದು ಕೇಳಿಸಿತು. ಆಮೇಲೆ ಜಾಲಿಕಂಟಿಯ ಕಡೆಯಿಂದ ಚಿಲಿಪಿಲಿ ಕೇಳಿಸಿತು. ಮೊದಲು ಒಂದು ಗುಬ್ಬಿ ಬಂದು ತೆನೆಯ ಮೇಲೆ ಕೂತು ಸುತ್ತ ನೋಡಿತು. ಹಿಂದೆಯೇ ಇಡೀ ಹಿಂಡು. ನಿಜಾಮಸಾಬನ ಹೊಲಕ್ಕೂ ಇಳಿದವು, ಬಸವಣ್ಣೆಪ್ಪನ ಹೊಲಕ್ಕೂ ಇಳಿದವು.

ನಿಜಾಮಸಾಬನ ಮುಖ ನೋಡಲಾಗದಂತಾಯಿತು. ಮಷೀನೂ ಇಲ್ಲ, ಕಂಪನಿಯೂ ಇಲ್ಲ. "ಯಪ್ಪಾ, ಖರೇ ಹೇಳತೇನಿ," ಎಂದ. "ಇದು ಸೀತನಿ ಊಟಕ್ಕ ಹಚ್ಚಿದ ಹಾಡಲ್ಲ. ಮಷೀನೂ ಅಲ್ಲ. ಗುಬ್ಬಿ ಓಡಲಿ ಅಂತ ಡಾನ್ಸಿನ ಕಾರ್ಡ ತಂದು ಹಾಕಿದ್ದೆ. ನೀವೆಲ್ಲಾ ಬಂದ್ರಿ, ನನಗೂ ಛಲೋ ಅನಸ್ತು, ಬ್ಯಾಡ ಅನ್ನಾಕ ಆಗಲಿಲ್ಲ. ಈಗ ಇದು ಉಳದ್ರ ನಮ್ಮ ವರ್ಷದ ರೊಟ್ಟಿ."

ತಿಂದ ಕೈಗಳನ್ನು ಒಬ್ಬೊಬ್ಬರಾಗಿ ಸೀರೆಗೆ, ಧೋತರಕ್ಕೆ ಒರೆಸಿಕೊಂಡರು. ರಾಯವ್ವ ಎದ್ದಳು. "ಕರೀದನs ಬಂದು ತಿಂದೇವೇನೋ ನಿಜಾಮಾ? ಮೊದಲs ಹೇಳಬಾರದ?" ಎಂದಳು. ಸೆರಗು ಸಿಕ್ಕಿಸಿಕೊಂಡು ಜೋಳದ ಸಾಲಿಗೆ ನುಗ್ಗಿ, ತನ್ನ ಸೋಬಾನದ ಪದವನ್ನು ಎತ್ತಿದ ದನಿಯಲ್ಲಿ ಹಾಡತೊಡಗಿದಳು. ಹೆಂಗಸರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ಅವಳ ಸುತ್ತಲಿನ ಗುಬ್ಬಿಗಳು ಎದ್ದವು. ಆರತಿಯ ಸಾಲು ಬಂತು, ಯಾರೂ ತುಂಡು ಮಾಡಲಿಲ್ಲ. ಪದ ಪೂರ್ತಿ ಮುಗಿಯಿತು.

ತೌಹೀದ ಇನ್ನೊಂದು ಮೂಲೆಗೆ ಓಡಿದ. ಬೈಲಹೊಂಗಲದವರೆಲ್ಲ ಹಿಂದೆ ನಿಂತು ಚಪ್ಪಾಳೆ ಹಾಕಿದರು. ಕವ್ವಾಲಿ ಶಿಖರಕ್ಕೆ ಮುಟ್ಟಿತು. ಅಲ್ಲಿ ತೌಹೀದನ ದನಿ ಒಡೆಯಿತು, ಆದರೆ ಗುಬ್ಬಿಗೆ ಅದೇ ಹೆಚ್ಚು ನಾಟಿತು. ಬಸವಣ್ಣೆಪ್ಪ ಬದುವಿನ ಮೇಲೆ ನಿಂತು ಹಳ್ಳದ ಹುಡುಗಿಯನ್ನು ಹೊರಡಿಸಿದ. ದಂಡೆಗೆ ಬಂದಳು. ಅಲ್ಲಿ ಅವನು ನಿಂತ. ಮುಂದಿನದು ಅವನಿಗೆ ಮರೆತೇ ಹೋಗಿತ್ತು.

"ಮುಂದ ಏನೋ? ಮುಂದ ಏನು?" ಎಂದು ಪರದಾಡಿದ.

"'ಕೊಡದಾಗ ಚಂದ್ರಾಮ ಕುಂತಾನ'," ಎಂದು ಹಿಂದಿನಿಂದ ಗಡಸು ದನಿ ಬಂತು. ದುರ್ಗಪ್ಪ ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಂಡಿದ್ದ. "ಆಮ್ಯಾಲ, 'ಹೊತ್ತರ ತುಳುಕ್ಯಾನ, ಇಟ್ಟರ ಅತ್ತಾನ.' ಬರೋಬ್ಬರಿ ಹಾಡು. ಬಂದೋಬಸ್ತಿನ್ಯಾಗ ನಿಂತು ಇದನ್ನ ಪೂರ್ತಿ ಕೇಳೇನಿ, ತುಂಡು ಮಾಡಿದ್ದಲ್ಲ."

ಬಸವಣ್ಣೆಪ್ಪ ಕಣ್ಣೊರೆಸಿಕೊಂಡು ಹಾಡಿದ. ಹುಡುಗಿಗೆ ಕೊಡ ಸಿಕ್ಕಿತು. ದುರ್ಗಪ್ಪ ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ಸಂಚಾರ ನಿಯಂತ್ರಿಸುವವನಂತೆ ಕೈ ಮಾಡುತ್ತ, ಈ ಮೂಲೆಗೆ ಒಂದು ಸಾಲು, ಆ ಮೂಲೆಗೆ ಒಂದು ಸಾಲು ಎತ್ತಿಕೊಡುತ್ತ ನಡೆದಾಡಿದ. ಗುಬ್ಬಿಗಳು ಯಾವ ಕಡೆಗೆ ಹೋಗಬೇಕೋ ತಿಳಿಯದೆ, ಕೊನೆಗೆ ಹಳ್ಳದಾಚೆ ಹೋದವು. ಹೋಗುವಾಗ ದುರ್ಗಪ್ಪನಿಗೆ ಮೂರು ಬೊಗಸೆ ಸೀತನಿ ಕಟ್ಟಿಕೊಟ್ಟರು. "ಸಾಕ್ಷಿಗಂತ ಒಯ್ತೇನಿ," ಎಂದ.

ಕಾಳು ಗಟ್ಟಿಯಾಗುವವರೆಗೆ ದಿನಾ ಯಾರಾದರೊಬ್ಬರು ಬಂದೇ ಬಂದರು. ಯಾರೂ ಕರೆಯಲಿಲ್ಲ. ಮುಂಜಾನೆ ಅಟ್ಟದ ಮೇಲೆ ಒಬ್ಬರ ಹಾಡಾದರೆ ಸಂಜೆ ಇನ್ನೊಬ್ಬರದು. ನೂರಬಿ ತನಗೆ ಯಾವ ಹಾಡೂ ಬೇಡವೆಂದವಳು, ಒಂದು ಮಧ್ಯಾಹ್ನ ಯಾರೂ ಇಲ್ಲವೆಂದುಕೊಂಡು ತನ್ನ ತಾಯಿಯ ತೊಟ್ಟಿಲ ಪದ ಹಾಡುತ್ತಿದ್ದಳು. ಗುಬ್ಬಿಗಳು ಓಡಲಿಲ್ಲ, ಕೇಳುತ್ತ ಕೂತವು. ನಿಜಾಮಸಾಬನೂ ಜೋಳದೊಳಗೆ ಕೂತು ಕೇಳಿದ, ಗುಬ್ಬಿ ಓಡಿಸುವುದನ್ನು ಮರೆತು ಬೈಸಿಕೊಂಡ.

ಕೀಳುವ ಕಾಲ ಬಂದಾಗ ಊರಲ್ಲಿ ಎಲ್ಲರಿಗೂ ಆಳಿನದೇ ಚಿಂತೆ. ರಾಯವ್ವನ ಮನೆಯ ಮುಂದೆ ದೊಡ್ಡ ದೊಡ್ಡ ಹಿಡುವಳಿಯವರು ನಿಂತಿದ್ದರು. ಅವಳು ತನ್ನ ಗುಂಪು ಕಟ್ಟಿಕೊಂಡು ನೇರ ನಿಜಾಮಸಾಬನ ಹೊಲಕ್ಕೆ ಬಂದಳು. "ಇದು ಮೊದಲು. ತಿಂದ ಹೊಲ ಇದು," ಎಂದಳು. ಹಿಂದೆ ಬಸವಣ್ಣೆಪ್ಪನೂ ಬಂದ.

ನಿಜಾಮಸಾಬ ಅಂದು ಎಲ್ಲರೆದುರು ನಿಂತು ಉಪಕಾರ ನೆನೆಯಬೇಕೆಂದು ತಯಾರಾಗಿದ್ದ. ರಾಯವ್ವನಿಂದ ಶುರು ಮಾಡಿದ, ಬಸಣ್ಣನಿಗೆ ಬಂದ, ತೌಹೀದನ ಟೆಂಪೊಗೆ, ಪೊಲೀಸ್ ಇಲಾಖೆಗೆ, ಮೊಸರಿನ ಎಮ್ಮೆಗೆ ಬಂದ. ಅಲ್ಲಿಂದ ಸತ್ತ ಬ್ಯಾಟರಿಗೂ ಬಂದ. "ಶುಕ್ರಿಯಾ" ಎಂದ, "ಶರಣು" ಎಂದ, ಎರಡೂ ಸಾಲದೆನಿಸಿ ಸುಮ್ಮನೆ ಕೈ ಮುಗಿದು ನಿಂತ.

"ಭಾಷಣ ಸಾಕು, ಜೋಳ ಕೀಳು," ಎಂದಳು ರಾಯವ್ವ.

ಸಂಜೆಗೆ ಹೊಲ ಬಯಲಾಯಿತು. ಬದುವಿನ ಪಕ್ಕದ ಕೊನೆಯ ಸಾಲಿಗೆ ನಿಜಾಮಸಾಬ ಕೈ ಹಾಕಿದಾಗ ನೂರಬಿ ತಡೆದಳು.

"ಅದೊಂದು ಸಾಲ ಇರಲಿ ಬಿಡ್ರಿ."

"ಯಾಕ? ಗುಬ್ಬಿ ತಿಂತಾವ."

"ತಿನ್ನಲಿ. ಅವು ಬರಲಿಲ್ಲಂದ್ರ ಇಷ್ಟು ಮಂದಿ ನಮ್ಮ ಹೊಲಕ್ಕ ಯಾಕ ಬರತಿದ್ರು?"

ನಿಜಾಮಸಾಬನಿಗೆ ಉತ್ತರ ಹೊಳೆಯಲಿಲ್ಲ. ಸಾಲು ಉಳಿಯಿತು.

ಮರುದಿನ ಗುಬ್ಬಿಗಳು ಬಂದು ಆ ಸಾಲನ್ನು ನಿಧಾನವಾಗಿ, ನೆಂಟರ ಮನೆಯಲ್ಲಿ ಉಣ್ಣುವವರಂತೆ ಉಂಡವು. ಉಂಡು ಮುಗಿಸಿ, ಇನ್ನೂ ಕೀಳದೆ ನಿಂತಿದ್ದ ಬಸವಣ್ಣೆಪ್ಪನ ಹೊಲಕ್ಕೆ ಬದು ದಾಟಿ ಇಳಿದವು.

"ನಿಜಾಮಾ!" ಎಂದು ಆ ಕಡೆಯಿಂದ ಕೂಗು ಕೇಳಿತು. "ಏ ನಿಜಾಮಾ! ಲಗೂನ ಬಾರೋ, ಹಾಡಾಕ ಬಾ! ನನ್ನ ಗಂಟಲ ಬಿದ್ದೈತಿ!"

ನಿಜಾಮಸಾಬ ಚಹಾ ಬಟ್ಟಲು ಕೆಳಗಿಟ್ಟ, ಎರಡು ಸಲ ಕೆಮ್ಮಿ ದನಿ ಸರಿಮಾಡಿಕೊಂಡ, ಓಡಿದ.